ಇಲ್ಲದ ಆಟಕ್ಕೆ ಎತ್ತುವ ಪಟ್ಟಿ

ಇಚಲಕರಂಜಿಯಲ್ಲಿ ರಾತ್ರಿ ಪಾಳಿಯ ಮಗ್ಗಗಳ ಸದ್ದು ಓಣಿ ತುಂಬಿಕೊಂಡಿರುವ ಹೊತ್ತು. ಮಾಳಿಗೆಯ ಮೇಲೆ ಕೂತ ಹುಡುಗನ ಮೊಬೈಲಿನಲ್ಲಿ ಬೇರೆಯದೇ ಲೋಕ ತೆರೆದಿದೆ. ಮಳೆ, ಮಂಜು, ಪನ್ಹಾಳದಂಥ ಕೋಟೆ, ಕತ್ತಿ ಹಿರಿದು ಕುದುರೆ ಓಡಿಸುವ ವೀರ. ಕೊನೆಗೊಂದು ಗಂಭೀರ ದನಿ: ನಮ್ಮ ನೆಲದ ಕಥೆ, ನಮ್ಮದೇ ಹುಡುಗರು ಕಟ್ಟುತ್ತಿರುವ ವಿಡಿಯೊ ಗೇಮ್, ಮೊದಲ ಸಾವಿರ ಜನರಿಗೆ ಮಾತ್ರ ₹499, ಇನ್ನು ಉಳಿದಿರುವುದು ಆರೇ ತಾಸು. ಕೆಳಗೆ ಕ್ಯೂಆರ್ ಕೋಡ್. ಅದೇ ವಿಡಿಯೊ ಗಡಹಿಂಗ್ಲಜದ ಕಾಲೇಜು ಗುಂಪಿಗೂ ಕೊಲ್ಲಾಪುರದ ರಂಕಾಳ ದಂಡೆಯಲ್ಲಿ ಕೂತ ಗೆಳೆಯರ ಗುಂಪಿಗೂ ಅಷ್ಟರಲ್ಲಿ ತಲುಪಿರುತ್ತದೆ.

ಇಂಥ ಕರೆ ನಿಜವಾದದ್ದೂ ಇರಬಹುದು, ಶುದ್ಧ ಮೋಸವೂ ಇರಬಹುದು. ಎರಡು ನಿಮಿಷದ ವಿಡಿಯೊ ನೋಡಿ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಆದರೆ ಹತ್ತಿಪ್ಪತ್ತು ನಿಮಿಷ ಕೊಟ್ಟು ಹುಡುಕಿದರೆ ಸಾಮಾನ್ಯವಾಗಿ ಆಗುತ್ತದೆ. ಕಳೆದ ಹದಿನೈದು ವರ್ಷಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ಸಿಕ್ಕಿಬಿದ್ದ ಮೋಸಗಳು ಹುಡುಕುವ ದಾರಿಯನ್ನು ತೋರಿಸಿಕೊಟ್ಟಿವೆ.

ಜನರ ದುಡ್ಡಿನ ಕೆಲಸ

ಹತ್ತಾರು ಜನರಿಂದ ಚೂರು ಚೂರು ಹಣ ಕೂಡಿಸಿ ಒಂದು ಕೆಲಸ ಮಾಡುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಗಣೇಶೋತ್ಸವ ಬಂತೆಂದರೆ ಓಣಿಯ ಹುಡುಗರು ವರ್ಗಣಿ ಎತ್ತುತ್ತಾರೆ, ಜಾತ್ರೆಗೆ ಪಟ್ಟಿ ಹಾಕುತ್ತಾರೆ. ಕೊಟ್ಟವರಿಗೆ ರಸೀದಿ ಸಿಗುತ್ತದೆ, ಪಟ್ಟಿ ಎತ್ತಿದವರ ಮನೆ ಯಾವುದೆಂದು ಎಲ್ಲರಿಗೂ ಗೊತ್ತಿರುತ್ತದೆ. ಕ್ರೌಡ್‌ಫಂಡಿಂಗ್ ಎಂದರೆ ಇದೇ ವರ್ಗಣಿ, ಇಂಟರ್‌ನೆಟ್ಟಿನ ಮೇಲೆ. ಆದರೆ ಅಲ್ಲಿ ಕೇಳುವವರ ಮನೆ ಎಲ್ಲಿದೆಯೋ ಕೊಡುವವರಿಗೆ ಗೊತ್ತಿರುವುದಿಲ್ಲ. ಮೋಸ ಹುಟ್ಟುವುದು ಇಲ್ಲಿ.

ಅಮೆರಿಕದಲ್ಲಿ ಇಂಡಿಗೋಗೋ 2008ರಲ್ಲಿ, ಕಿಕ್‌ಸ್ಟಾರ್ಟರ್ 2009ರಲ್ಲಿ ಶುರುವಾದವು. 2012ರಲ್ಲಿ ಡಬಲ್ ಫೈನ್ ಎಂಬ ಕಂಪನಿ ಒಂದು ಸಾಹಸದ ಆಟಕ್ಕಾಗಿ 4 ಲಕ್ಷ ಡಾಲರ್ ಕೇಳಿತು. 87 ಸಾವಿರ ಜನ ಸೇರಿ 33 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು. ದೊಡ್ಡ ಪ್ರಕಾಶಕರ ಹಂಗಿಲ್ಲದೆ ಆಡುವವರ ಹಣದಿಂದಲೇ ಆಟ ಕಟ್ಟಬಹುದು ಎಂಬ ಭರವಸೆ ಅಂದು ಲೋಕಕ್ಕೆಲ್ಲ ಹಬ್ಬಿತು. ಅದರ ಬೆನ್ನಿಗೇ ಕಳ್ಳರೂ ಬಂದರು.

ಕಿಕ್‌ಸ್ಟಾರ್ಟರ್‌ನ ನಿಯಮ ನಮ್ಮವರಿಗೆ ಗೊತ್ತಿರಬೇಕು. ಗೊತ್ತುಪಡಿಸಿದ ದಿನದೊಳಗೆ ಗುರಿಯ ಮೊತ್ತ ಪೂರ್ತಿ ತುಂಬಿದರೆ ಮಾತ್ರ ಕೊಡುಗೆದಾರರ ಕಾರ್ಡಿನಿಂದ ಹಣ ಕಡಿತವಾಗುತ್ತದೆ. ತುಂಬದಿದ್ದರೆ ಯಾರ ಹಣವೂ ಹೋಗುವುದಿಲ್ಲ. ಇಂಡಿಗೋಗೋದಲ್ಲಿ ಬಂದಷ್ಟನ್ನು ಇಟ್ಟುಕೊಳ್ಳುವ ಆಯ್ಕೆಯೂ ಇತ್ತು. ಐದು ಲಕ್ಷ ಬೇಕಾದ ಕೆಲಸಕ್ಕೆ ಐವತ್ತು ಸಾವಿರ ಕೂಡಿದಾಗ ಆ ಹಣದಿಂದ ಏನು ಮಾಡುತ್ತಾರೆ ಎಂಬುದನ್ನು ಕೊಡುವ ಮೊದಲೇ ಕೇಳಬೇಕು. ಇನ್ನು ವಾಟ್ಸ್ಆ್ಯಪ್‌ನಲ್ಲಿ ಬಂದ ಕ್ಯೂಆರ್ ಕೋಡಿಗೆ ಇಂಥ ಯಾವ ನಿಯಮವೂ ಇಲ್ಲ. ಪಿನ್ ಒತ್ತಿದ ಕ್ಷಣಕ್ಕೆ ಹಣ ಆ ಖಾತೆ ಸೇರುತ್ತದೆ.

ಕದ್ದ ಚಿತ್ರ, ಬೇರೆಯವರ ಕಚೇರಿ

2012ರ ಏಪ್ರಿಲ್‌ನಲ್ಲಿ 'ಮಿಥಿಕ್: ದಿ ಸ್ಟೋರಿ ಆಫ್ ಗಾಡ್ಸ್ ಆ್ಯಂಡ್ ಮೆನ್' ಎಂಬ ಆಟಕ್ಕೆ ಕಿಕ್‌ಸ್ಟಾರ್ಟರ್‌ನಲ್ಲಿ 80 ಸಾವಿರ ಡಾಲರ್ ಕೇಳಲಾಯಿತು. ದೊಡ್ಡ ಕಂಪನಿಗಳಲ್ಲಿ ಪಳಗಿದವರು ತಾವು ಎಂದು ಹೇಳಿಕೊಂಡರು. ದೇವರು, ರಾಕ್ಷಸರು, ಯೋಧರ ಸೊಗಸಾದ ಚಿತ್ರಗಳಿದ್ದವು, ಕೆಲಸ ನಡೆಯುತ್ತಿರುವ ಕಚೇರಿಯ ಫೋಟೊಗಳೂ ಇದ್ದವು.

ಆಟದ ಹುಚ್ಚಿದ್ದ ಕೆಲವರಿಗೆ ಅನುಮಾನ ಬಂತು. ಒಂದೊಂದೇ ಚಿತ್ರದ ಮೂಲ ಹುಡುಕಿದರು. ಚಿತ್ರಗಳು ಬೇರೆ ಕಲಾವಿದರವು ಎಂದು ಗೊತ್ತಾಯಿತು. ಕಚೇರಿ ಮತ್ತೊಂದು ವಿನ್ಯಾಸ ಸಂಸ್ಥೆಯದ್ದು. ಕೊಡುಗೆದಾರರಿಗೆ ಕೊಡುವ ಬಹುಮಾನಗಳ ವಿವರವನ್ನೂ ಇನ್ನೊಂದು ಅಭಿಯಾನದಿಂದ ನಕಲು ಮಾಡಿದ್ದರು. ಐದು ಸಾವಿರ ಡಾಲರ್ ತುಂಬುವ ಮೊದಲೇ ಅಭಿಯಾನ ರದ್ದಾಯಿತು. ಗುರಿ ತುಂಬದ ಕಾರಣ ಯಾರ ಹಣವೂ ಮುಳುಗಲಿಲ್ಲ.

ಅವರು ಮಾಡಿದ ಕೆಲಸವನ್ನು ಇಂದು ಹೈಸ್ಕೂಲು ಹುಡುಗಿಯೂ ಮಾಡಬಲ್ಲಳು. ಅಭಿಯಾನದ ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದು ಮೊದಲು ಎಲ್ಲಿ ಕಾಣಿಸಿಕೊಂಡಿತ್ತು ಎಂಬ ಸುಳಿವು ಸಿಗುತ್ತದೆ. ತಂಡದವರ ಫೋಟೊಗಳನ್ನೂ ಹೀಗೇ ಹುಡುಕಬೇಕು. ಒಂದು ಎಚ್ಚರಿಕೆ: ಈಗ ಕೃತಕ ಬುದ್ಧಿಮತ್ತೆಯಿಂದ ಹೊಸ ಚಿತ್ರ, ಹೊಸ ಮುಖಗಳನ್ನೇ ಸೃಷ್ಟಿಸಬಹುದು. ಅಂಥ ಚಿತ್ರಕ್ಕೆ ಮೂಲವೇ ಸಿಗುವುದಿಲ್ಲ. ಹಾಗಾಗಿ ಚಿತ್ರ ಎಲ್ಲೂ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅಭಿಯಾನವನ್ನು ನಂಬಬಾರದು.

ಡಬ್ಬಿಯೊಳಗೆ ಇದ್ದದ್ದು

ಕೊಲೆಕೊ ಕೆಮಿಲಿಯನ್ ಪ್ರಕರಣ ಇನ್ನೂ ವಿಚಿತ್ರ. ಹಳೆಯ ಕಾಲದಂತೆ ಕಾರ್ಟ್ರಿಜ್ ಹಾಕಿ ಆಡುವ ಹೊಸ ಗೇಮ್ ಯಂತ್ರವೊಂದನ್ನು ತರುತ್ತೇವೆ ಎಂದು ಅಮೆರಿಕದ ತಂಡವೊಂದು ಹೊರಟಿತ್ತು. 2015ರಲ್ಲಿ ಬೇರೆ ಹೆಸರಿನಿಂದ ಇಂಡಿಗೋಗೋದಲ್ಲಿ ಹಣ ಕೇಳಿ ಗುರಿ ಮುಟ್ಟಿರಲಿಲ್ಲ. ಆಮೇಲೆ ಕೊಲೆಕೊ ಎಂಬ ಹಳೆಯ ಪ್ರಸಿದ್ಧ ಹೆಸರನ್ನು ಬಳಸಲು ಅನುಮತಿ ಪಡೆದು, 2016ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಯಂತ್ರ ನಡೆಯುವುದನ್ನು ತೋರಿಸಿದರು.

ಮೇಳದ ಫೋಟೊಗಳನ್ನು ಹಿಗ್ಗಿಸಿ ನೋಡಿದ ಆಟಗಾರರು ಯಂತ್ರದ ಹಿಂಬದಿಯ ಕಿಂಡಿಗಳನ್ನು ಗುರುತು ಹಿಡಿದರು. ಒಳಗೆ ಇರುವುದು ನಿಂಟೆಂಡೊದ ಹಳೆಯ ಸೂಪರ್ ನಿಂಟೆಂಡೊ ಎಂದು ವಾದಿಸಿದರು. ತಂಡದವರು ಪಾರದರ್ಶಕ ಡಬ್ಬಿಯ ಇನ್ನೊಂದು ಫೋಟೊ ಹಾಕಿದರು. ಅದರೊಳಗಿದ್ದ ಸರ್ಕ್ಯೂಟ್ ಬೋರ್ಡನ್ನೂ ಜನ ಕೆಲವೇ ಹೊತ್ತಿನಲ್ಲಿ ಪತ್ತೆಹಚ್ಚಿದರು: ಕಂಪ್ಯೂಟರಿನಲ್ಲಿ ವಿಡಿಯೊ ಸೆರೆಹಿಡಿಯಲು ಬಳಸುವ ಹಳೆಯ ಕಾರ್ಡು ಅದು. ನಡೆಯುವ ಯಂತ್ರವನ್ನು ಪರಿಣತರಿಗೆ ತೋರಿಸಿ ಎಂದು ಕೊಲೆಕೊ ಕೇಳಿತು. ಮಾರ್ಚ್ 8ರಂದು ತನ್ನ ಹೆಸರನ್ನು ಹಿಂದಕ್ಕೆ ಪಡೆಯಿತು. ಕಿಕ್‌ಸ್ಟಾರ್ಟರ್ ಅಭಿಯಾನ ಶುರುವಾಗುವ ಮೊದಲೇ ಕೊನೆಗೊಂಡಿತು.

ಈ ಎರಡೂ ಪ್ರಕರಣಗಳಲ್ಲಿ ಮೋಸ ಹಿಡಿದವರು ಪೊಲೀಸರಲ್ಲ, ವೇದಿಕೆಗಳ ಅಧಿಕಾರಿಗಳೂ ಅಲ್ಲ. ಆಟವನ್ನು ಪ್ರೀತಿಸುವ ಸಾಮಾನ್ಯ ಜನ ಹಿಡಿದರು. ನಮ್ಮ ಹುಡುಗರಿಗೂ ಆ ಕಣ್ಣು ಇದೆ. ಯಾವ ಆಟದ ಕುದುರೆ ಎಲ್ಲಿಂದ ಬಂದದ್ದು, ಯಾವ ಕೋಟೆ ಅಂಗಡಿಯಿಂದ ಕೊಂಡದ್ದು ಎಂದು ಅವರು ಹೇಳಬಲ್ಲರು. ಯೂನಿಟಿ, ಅನ್‌ರಿಯಲ್ ಮುಂತಾದ ತಂತ್ರಾಂಶಗಳ ಆನ್‌ಲೈನ್ ಅಂಗಡಿಗಳಲ್ಲಿ ಮರ, ಮನೆ, ಸೈನಿಕ ಎಲ್ಲವೂ ಸಿದ್ಧ ರೂಪದಲ್ಲಿ ಮಾರಾಟಕ್ಕಿವೆ. ಅವನ್ನು ಕೊಂಡು ಬಳಸುವುದು ತಪ್ಪಲ್ಲ, ಪ್ರಾಮಾಣಿಕರೂ ಬಳಸುತ್ತಾರೆ. ಆದರೆ ಎಲ್ಲವೂ ಕೊಂಡದ್ದೇ ಆಗಿದ್ದು, ಎಲ್ಲವನ್ನೂ ನಾವೇ ರಚಿಸಿದೆವು ಎಂದು ಹೇಳಿಕೊಂಡರೆ ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು.

ಸೋಲು ಬೇರೆ, ಮೋಸ ಬೇರೆ

ಕೊಟ್ಟವರ ಕೈ ಮುಟ್ಟದ ಆಟವೆಲ್ಲ ಮೋಸದ ಆಟವಲ್ಲ. ಇದನ್ನು ಮರೆತರೆ ನಿಜವಾಗಿ ದುಡಿಯುವ ಹುಡುಗರಿಗೆ ಅನ್ಯಾಯವಾಗುತ್ತದೆ.

ಪ್ರಸಿದ್ಧ ಕಾದಂಬರಿಕಾರ ನೀಲ್ ಸ್ಟೀಫನ್‌ಸನ್ ಕತ್ತಿವರಸೆಯ 'ಕ್ಲಾಂಗ್' ಆಟಕ್ಕೆ 2012ರಲ್ಲಿ 5.26 ಲಕ್ಷ ಡಾಲರ್ ಕೂಡಿಸಿದರು. ಮಾದರಿಯೊಂದು ತಯಾರಾಯಿತು, ಮುಂದಿನ ಬಂಡವಾಳ ಸಿಗಲಿಲ್ಲ. 2014ರಲ್ಲಿ ಕೆಲಸ ನಿಂತಿತು ಎಂದು ಅವರೇ ಬಹಿರಂಗವಾಗಿ ಹೇಳಿದರು. ಅದು ಸೋಲು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಯ ಈಥನ್ ಮಾಲಿಕ್ ಸುಮಾರು 47 ಸಾವಿರ ಕೊಡುಗೆದಾರರನ್ನು ಕೇಳಿ 2015ರಲ್ಲಿ ವರದಿ ಮಾಡಿದಂತೆ, ಹಣ ಪಡೆದ ಕಿಕ್‌ಸ್ಟಾರ್ಟರ್ ಯೋಜನೆಗಳಲ್ಲಿ ಶೇ 9ರಷ್ಟು ಕೊಟ್ಟ ಮಾತಿನಂತೆ ಬಹುಮಾನ ತಲುಪಿಸಲಿಲ್ಲ. ಅವುಗಳಲ್ಲಿ ಕ್ಲಾಂಗ್‌ನಂಥ ಸೋಲುಗಳೂ ಸೇರಿವೆ.

ಮೋಸ ಎಂದರೆ ಏನು ಎಂಬುದಕ್ಕೆ ಇನ್ನೊಂದು ಪ್ರಕರಣ ನೋಡಿ. ಅದು ವಿಡಿಯೊ ಗೇಮ್ ಅಲ್ಲ, ಹಾಸಿನ ಮೇಲೆ ಆಡುವ ಬೋರ್ಡ್ ಗೇಮ್. 2012ರಲ್ಲಿ 'ದಿ ಡೂಮ್ ದಟ್ ಕೇಮ್ ಟು ಅಟ್ಲಾಂಟಿಕ್ ಸಿಟಿ' ಎಂಬ ಆಟಕ್ಕೆ 35 ಸಾವಿರ ಡಾಲರ್ ಕೇಳಿದ ವ್ಯಕ್ತಿಗೆ 1.22 ಲಕ್ಷ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ 65 ಲಕ್ಷ ರೂಪಾಯಿಗೂ ಹೆಚ್ಚು ಬಂತು. ಮರುವರ್ಷ ಆಟ ರದ್ದಾಯಿತು ಎಂದು ಘೋಷಿಸಿದ. ಹೆಚ್ಚಿನ ಹಣ ಮನೆ ಬಾಡಿಗೆ, ಊರು ಬದಲಿಸಿದ ಖರ್ಚು ಮುಂತಾದ ಸ್ವಂತ ಬಾಬತ್ತುಗಳಿಗೆ ಹೋಗಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2015ರಲ್ಲಿ ಇತ್ಯರ್ಥವಾದ ಇದು ಕ್ರೌಡ್‌ಫಂಡಿಂಗ್ ವಿಷಯದಲ್ಲಿ ಆ ಆಯೋಗ ಕೈಗೊಂಡ ಮೊದಲ ಕ್ರಮ. ಹಣ ಕಟ್ಟುವಂತೆ ಆದೇಶವಾದರೂ ಆತನ ಬಳಿ ಕೊಡಲು ಹಣವಿಲ್ಲದ ಕಾರಣ ವಸೂಲಿಯನ್ನು ಅಮಾನತಿನಲ್ಲಿ ಇಡಬೇಕಾಯಿತು. ಕೊನೆಗೆ ಬೇರೊಂದು ಕಂಪನಿ ಮುಂದೆ ಬಂದು ಆಟ ಮುದ್ರಿಸಿ ಕೊಡುಗೆದಾರರಿಗೆ ತಲುಪಿಸಿತು.

ಸೋತವರು ಲೆಕ್ಕ ಕೊಡುತ್ತಾರೆ, ಅರ್ಧ ಮುಗಿದ ಕೆಲಸ ತೋರಿಸುತ್ತಾರೆ, ಬೈಗುಳ ತಿಂದರೂ ಉತ್ತರಿಸುತ್ತಾರೆ. ಮೋಸಗಾರರು ಪ್ರಶ್ನೆ ಕೇಳಿದವರನ್ನು ಗುಂಪಿನಿಂದ ತೆಗೆದುಹಾಕುತ್ತಾರೆ. ಯಾವುದೇ ಅಭಿಯಾನದಲ್ಲಿ ಹಣ ಹಾಕುವ ಮುನ್ನ ಒಂದು ನೇರ ಪ್ರಶ್ನೆ ಕೇಳಿ ಎರಡು ದಿನ ಕಾಯಬೇಕು ಎಂದು ನಾನು ಹೇಳುವುದು ಇದಕ್ಕೇ. ಆ ಎರಡು ದಿನದಲ್ಲಿ ಏನಾಗುತ್ತದೆ ಎಂಬುದೇ ಬಹಳಷ್ಟನ್ನು ಹೇಳಿಬಿಡುತ್ತದೆ.

ಪುಣೆಯ ರಾಜಿ, ಬೆಂಗಳೂರಿನ ಲೂಸಿಯಾ

ನಮ್ಮ ಸಮೀಪದ ಪ್ರಾಮಾಣಿಕ ಉದಾಹರಣೆಯೊಂದು ಪುಣೆಯಲ್ಲಿದೆ. ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ 'ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್' ಎಂಬ ಆಟಕ್ಕಾಗಿ 2017ರಲ್ಲಿ ಕಿಕ್‌ಸ್ಟಾರ್ಟರ್ ಮೊರೆಹೋಯಿತು. ತಮ್ಮನನ್ನು ಹುಡುಕಿಕೊಂಡು ಹೊರಟ ಹುಡುಗಿಯ ಕಥೆ, ರಾಜಸ್ಥಾನದ ಕೋಟೆಗಳು, ಪಹಾಡಿ ಚಿತ್ರಕಲೆ, ತೊಗಲುಗೊಂಬೆಯಾಟದ ಛಾಯೆ. ಗುರಿ ತುಂಬಲಿಲ್ಲ, ಒಂದು ಪೈಸೆಯೂ ಸಿಗಲಿಲ್ಲ. ತಂಡ ನಿಲ್ಲಿಸಲಿಲ್ಲ. ಸಂಸ್ಥಾಪಕರಲ್ಲೊಬ್ಬರು ಫ್ಲ್ಯಾಟ್ ಮಾರಿ ಕೆಲಸ ಮುಂದುವರಿಸಿದ್ದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. 2020ರ ಆಗಸ್ಟ್‌ನಲ್ಲಿ ಆಟ ಬಿಡುಗಡೆಯಾಯಿತು. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಆಟಗಳ ವಿಭಾಗಕ್ಕೆ ನಾಮನಿರ್ದೇಶನವೂ ಸಿಕ್ಕಿತು.

ಹಣ ಬರದಿದ್ದರೂ ಕೆಲಸ ನಡೆದೇ ಇತ್ತು ಎಂಬುದನ್ನು ಗಮನಿಸಬೇಕು. ಅಮೆರಿಕದ ಟೋಬಿ ಫಾಕ್ಸ್ 2013ರಲ್ಲಿ 'ಅಂಡರ್‌ಟೇಲ್'ಗೆ ಕೇಳಿದ್ದು ಕೇವಲ 5 ಸಾವಿರ ಡಾಲರ್. ಅಷ್ಟು ಹೊತ್ತಿಗೆ ಯಾರು ಬೇಕಾದರೂ ಆಡಿ ನೋಡಬಹುದಾದ ಡೆಮೊ ಅವರ ಬಳಿ ಇತ್ತು. 51 ಸಾವಿರ ಡಾಲರ್ ಬಂತು, 2015ರಲ್ಲಿ ಆಟವೂ ಬಂತು.

ಕನ್ನಡಿಗರಿಗೆ 'ಲೂಸಿಯಾ' ನೆನಪಿರಬೇಕು. ನಿರ್ಮಾಪಕರು ಸಿಗದಾಗ ಪವನ್ ಕುಮಾರ್ ನೇರವಾಗಿ ಪ್ರೇಕ್ಷಕರನ್ನು ಕೇಳಿದರು. 110 ಮಂದಿಯಿಂದ 27 ದಿನಗಳಲ್ಲಿ ಸುಮಾರು 50 ಲಕ್ಷ ರೂಪಾಯಿ ಕೂಡಿತು. 2013ರ ಸೆಪ್ಟೆಂಬರ್‌ನಲ್ಲಿ ಚಿತ್ರ ತೆರೆಕಂಡಿತು. ಜನ ಅವರನ್ನು ನಂಬಿದ್ದಕ್ಕೆ ಕಾರಣವಿತ್ತು. 2011ರಲ್ಲಿ ಬಂದ 'ಲೈಫು ಇಷ್ಟೇನೆ' ಅವರದೇ ನಿರ್ದೇಶನದ ಚಿತ್ರ. ಹಿಂದಿನ ಕೆಲಸ ಎಲ್ಲರ ಕಣ್ಣೆದುರು ಇತ್ತು. ನೂರು ವರ್ಷಗಳ ಹಿಂದೆ ಕೊಲ್ಲಾಪುರದಲ್ಲಿ ಬಾಬುರಾವ್ ಪೇಂಟರ್ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದಾಗ ಹಣದ ಬೆಂಬಲ ನೀಡಿದವರು ಗಾಯಕಿ ತಾನಿಬಾಯಿ ಕಾಗಲಕರ್. ಪೇಂಟರ್ ಮತ್ತು ವಿಷ್ಣುಪಂತ ದಾಮ್ಲೆ ತಮ್ಮ ಕೈಯಾರೆ ಕ್ಯಾಮೆರಾ ಕಟ್ಟಿದವರು. ಹಣ ಕೊಡುವವರಿಗೆ ಅಲ್ಲೂ ನೋಡಲು ಒಂದು ಕೆಲಸವಿತ್ತು.

ಹಾಗಾಗಿ ಗೇಮ್ ಕಟ್ಟುತ್ತೇವೆ ಎನ್ನುವವರ ಹಳೆಯ ಕೆಲಸ ಕೇಳಿ. ಗೇಮ್ ಮಾರುವ ಸ್ಟೀಮ್‌ನಲ್ಲೋ ಪ್ಲೇ ಸ್ಟೋರ್‌ನಲ್ಲೋ ಒಂದು ಸಣ್ಣ ಆಟವಾದರೂ ಇರಬೇಕು. ಕಂಪನಿ ಎಂದು ಹೇಳಿಕೊಂಡರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ನೋಂದಣಿ ಇದ್ದ ಮಾತ್ರಕ್ಕೆ ಸಾಚಾ ಎಂದಲ್ಲ. ಹತ್ತು ವರ್ಷದ ಅನುಭವ ಎಂದು ಹೇಳುವ ಕಂಪನಿ ಹೋದ ತಿಂಗಳು ನೋಂದಣಿಯಾಗಿದ್ದರೆ ಅದಕ್ಕೆ ವಿವರಣೆ ಕೇಳುವುದು ನಿಮ್ಮ ಹಕ್ಕು.

ಲೆಕ್ಕ ಹಾಕಿ ನೋಡಿ

ಐದು ಜನರ ತಂಡ, ತಲೆಗೆ ತಿಂಗಳಿಗೆ ₹30 ಸಾವಿರ, ಒಂದೂವರೆ ವರ್ಷ. ಸಂಬಳಕ್ಕೇ ₹27 ಲಕ್ಷ ಬೇಕು. ಕಂಪ್ಯೂಟರ್, ಸಂಗೀತ, ತಂತ್ರಾಂಶ, ಪ್ರಚಾರ ಇನ್ನೂ ಬಾಕಿ. ಲಕ್ಷಾಂತರ ಜನ ಒಟ್ಟಿಗೆ ಆಡುವ, ಊರಿಗೆ ಊರೇ ಇರುವ ಬೃಹತ್ ಆಟವನ್ನು ₹5 ಲಕ್ಷಕ್ಕೆ ಆರು ತಿಂಗಳಲ್ಲಿ ಕೊಡುತ್ತೇವೆ ಎಂದರೆ ಒಂದೋ ಅವರಿಗೆ ಕೆಲಸ ಗೊತ್ತಿಲ್ಲ, ಇಲ್ಲವೇ ಮಾಡುವ ಮನಸ್ಸಿಲ್ಲ. ಮಗ್ಗದ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನೂಲಿನ ದರ, ಕೂಲಿ, ಕರೆಂಟು ಕೂಡಿಸಿ ಒಂದು ಮೀಟರ್ ಬಟ್ಟೆ ಎಷ್ಟಕ್ಕೆ ಬೀಳುತ್ತದೆ ಎಂದು ಅವರು ಬಾಯಲ್ಲೇ ಹೇಳುತ್ತಾರೆ. ಮಗ ತೋರಿಸಿದ ಗೇಮ್ ಅಭಿಯಾನಕ್ಕೂ ಅದೇ ಪ್ರಶ್ನೆಗಳನ್ನು ಕೇಳಲು ಅಪ್ಪನಿಗೆ ಆಟ ಆಡಲು ಬರಬೇಕೆಂದೇನಿಲ್ಲ.

ಗೇಮ್ ಗೆದ್ದರೆ ಲಾಭದಲ್ಲಿ ಪಾಲು, ಕಂಪನಿಯಲ್ಲಿ ಷೇರು ಎಂಬ ಮಾತು ಬಂದರೆ ವಿಷಯವೇ ಬೇರೆಯಾಗುತ್ತದೆ.  ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2014ರ ಜೂನ್‌ನಲ್ಲಿ ಕ್ರೌಡ್‌ಫಂಡಿಂಗ್ ಕುರಿತು ಸಮಾಲೋಚನಾ ಪತ್ರ ಹೊರಡಿಸಿತು. 2016ರಲ್ಲಿ, ಅನುಮತಿಯಿಲ್ಲದ ಆನ್‌ಲೈನ್ ವೇದಿಕೆಗಳ ಮೂಲಕ ಷೇರು ಹೂಡಿಕೆ ಮಾಡಬೇಡಿ ಎಂದು ಸಾರ್ವಜನಿಕರನ್ನು ಎಚ್ಚರಿಸಿತು. ಆಟದ ಪ್ರತಿ, ಟೀ ಶರ್ಟು ಮುಂತಾದ ಬಹುಮಾನ ಕೊಡುವ ಅಭಿಯಾನಗಳಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಎಚ್ಚರಿಕೆಯ ಭಾರ ಹೆಚ್ಚಾಗಿ ಕೊಡುವವರ ಮೇಲೆಯೇ ಬೀಳುತ್ತದೆ.

ಲಾಭದ ಆಸೆ ಎಷ್ಟು ಬೇಗ ಮುಳುಗಿಸುತ್ತದೆ ಎಂಬುದು 2021ರ ನವೆಂಬರ್ 1ರಂದು ಕಂಡಿತು. 'ಸ್ಕ್ವಿಡ್ ಗೇಮ್' ಧಾರಾವಾಹಿಯ ಹೆಸರು ಬಳಸಿ, ಬರಲಿರುವ ಆಟವೊಂದರಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕ್ರಿಪ್ಟೊ ನಾಣ್ಯ ಮಾರಿದರು. ಧಾರಾವಾಹಿಯವರಿಗೂ ಇದಕ್ಕೂ ಸಂಬಂಧವಿರಲಿಲ್ಲ. ಬೆಲೆ 2,800 ಡಾಲರ್ ದಾಟಿ ನಿಮಿಷಗಳಲ್ಲಿ ಸೊನ್ನೆಗೆ ಬಿತ್ತು. ಮಾರಿದವರು 30 ಲಕ್ಷ ಡಾಲರಿಗೂ ಹೆಚ್ಚು ಹಣದೊಂದಿಗೆ ಕಣ್ಮರೆಯಾದರು. ಕೊಂಡವರಿಗೆ ನಾಣ್ಯವನ್ನು ಮಾರಲು ಆಗುತ್ತಿಲ್ಲ ಎಂಬ ದೂರುಗಳು ಅದಕ್ಕೂ ಮೊದಲೇ ಬಂದಿದ್ದವು.

ಡೆಮೊ ಗಾಳವಾದಾಗ

ಹಣ ಕೊಡುವ ಮೊದಲು ಡೆಮೊ ಆಡಿ ನೋಡುವುದು ಒಳ್ಳೆಯದು. ಆದರೆ ಇದರಲ್ಲೂ ಒಂದು ಅಪಾಯವಿದೆ. ನಮ್ಮ ಆಟವನ್ನು ಪರೀಕ್ಷಿಸಿ ಕೊಡಿ ಎಂದು ಡಿಸ್ಕಾರ್ಡ್, ಟೆಲಿಗ್ರಾಂಗಳಲ್ಲಿ ಅಪರಿಚಿತರು ಕಳಿಸುವ ಕಡತಗಳಲ್ಲಿ ಪಾಸ್‌ವರ್ಡ್ ಕದಿಯುವ ಕುತಂತ್ರಾಂಶ ಇಟ್ಟ ಪ್ರಕರಣಗಳು ಸಾಕಷ್ಟಿವೆ. ಅಪ್ಪನ ಬ್ಯಾಂಕ್ ಆ್ಯಪ್ ಇರುವ ಮೊಬೈಲಿನಲ್ಲಿ ಮಗ ಎಪಿಕೆ, ಅಂದರೆ ಆ್ಯಪ್ ಅಳವಡಿಸುವ ಕಡತ, ಇಳಿಸಿಕೊಂಡರೆ ಹೋಗುವುದು ₹499 ಮಾತ್ರ ಆಗಿರುವುದಿಲ್ಲ. ಡೆಮೊ ಸ್ಟೀಮ್, ಪ್ಲೇ ಸ್ಟೋರ್‌ನಂಥ ಪರಿಚಿತ ಅಂಗಡಿಯಲ್ಲಿದ್ದರೆ ಮಾತ್ರ ಇಳಿಸಿಕೊಳ್ಳುವುದು ಕ್ಷೇಮ.

ನಿಜವಾದ ಅಭಿಯಾನದ ನಕಲಿ ಪುಟ ತೆರೆಯುವವರೂ ಇದ್ದಾರೆ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪಿನ್ ಕೇಳುವ ಮೊದಲು ಪರದೆಯಲ್ಲಿ ಹಣ ಪಡೆಯುವವರ ಹೆಸರು ಕಾಣುತ್ತದೆ. ಅಭಿಯಾನ ಕಂಪನಿಯದ್ದಾಗಿದ್ದು ಹೆಸರು ಯಾರೋ ಗೊತ್ತಿಲ್ಲದ ವ್ಯಕ್ತಿಯದ್ದಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಹಣ ವಾಪಸು ಕೊಡುತ್ತೇವೆ, ಪಿನ್ ಒತ್ತಿ ಎಂಬ ಕರೆ ಬಂದರೆ ಅದು ಎರಡನೆಯ ಕಳ್ಳತನ. ಹಣ ಪಡೆಯಲು ಪಿನ್ ಬೇಕಿಲ್ಲ.

ಹಣ ಹೋದರೆ

ಮೊದಲು 1930ಕ್ಕೆ ಕರೆ ಮಾಡಿ. ಸೈಬರ್ ಆರ್ಥಿಕ ವಂಚನೆಗೆಂದೇ ಇರುವ ಈ ಸಹಾಯವಾಣಿ ದೇಶಕ್ಕೆಲ್ಲ ಒಂದೇ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ದೂರು ಬೇಗ ಬಂದರೆ ಮಾತ್ರ. ಬ್ಯಾಂಕಿಗೂ ತಿಳಿಸಿ. ಅಭಿಯಾನದ ಪುಟ, ಸಂದೇಶಗಳು, ವಹಿವಾಟಿನ ಸಂಖ್ಯೆಯ ಸ್ಕ್ರೀನ್‌ಶಾಟ್‌ಗಳನ್ನು ಆ ದಿನವೇ ತೆಗೆದಿಡಿ, ಮರುದಿನ ಪುಟ ಇರಲಿಕ್ಕಿಲ್ಲ.

ಗಡಿಯಲ್ಲಿರುವ ನಮಗೆ ಒಂದು ಗೊಂದಲ ಸಹಜ. ಹಣ ಕಳೆದುಕೊಂಡವರು ಗಡಹಿಂಗ್ಲಜದಲ್ಲಿ, ಖಾತೆ ಗಡಿಯಾಚೆಯ ಸಂಕೇಶ್ವರದಲ್ಲೋ ಇನ್ನೂ ದೂರದ ರಾಜ್ಯದಲ್ಲೋ. ಇದು ನಮ್ಮ ಠಾಣೆಗೆ ಬರುವುದಿಲ್ಲ ಎಂಬ ಮಾತಿಗೆ ಹಿಂತಿರುಗಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಸಂಜ್ಞೇಯ (ಪೊಲೀಸರು ನೇರವಾಗಿ ತನಿಖೆ ನಡೆಸಬಹುದಾದ) ಅಪರಾಧ ಎಲ್ಲಿ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ನೀಡಬಹುದು. ವಂಚಿಸಿ ಹಣ ಪಡೆದರೆ ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಂ ಅಡಿ ಏಳು ವರ್ಷಗಳವರೆಗೆ, ಬೇರೆಯವರ ಸೋಗು ಹಾಕಿ ಆನ್‌ಲೈನ್‌ನಲ್ಲಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಅಡಿ ಮೂರು ವರ್ಷಗಳವರೆಗೆ ಜೈಲುಶಿಕ್ಷೆಯಾಗಬಹುದು.

ಕಳೆದುಕೊಂಡ ಮೊತ್ತ ಸಣ್ಣದು ಎಂದು ಸುಮ್ಮನಾಗುವವರೇ ಹೆಚ್ಚು. ಮನೆಯಲ್ಲಿ ಬೈಸಿಕೊಳ್ಳುವ ಹೆದರಿಕೆಯಿಂದ ಮಕ್ಕಳು ಬಾಯಿ ಬಿಡುವುದೇ ಇಲ್ಲ. ಆದರೆ ಕೆಲವೇ ಜನರ ನಷ್ಟವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2014ರಲ್ಲಿ ಇಸ್ಪೀಟು ಎಲೆಗಳ ಅಭಿಯಾನವೊಂದರ ಮೇಲೆ ಸರ್ಕಾರವೇ ಮೊಕದ್ದಮೆ ಹೂಡಿತು. ಹಣ ಕೊಟ್ಟ 810 ಜನರಲ್ಲಿ ಆ ರಾಜ್ಯದವರು 31 ಮಂದಿ ಮಾತ್ರ ಇದ್ದರು. ಮರುವರ್ಷ ನ್ಯಾಯಾಲಯ 54 ಸಾವಿರ ಡಾಲರಿಗೂ ಹೆಚ್ಚು ಕಟ್ಟುವಂತೆ ಆದೇಶಿಸಿತು. ಆದ್ದರಿಂದ ತಂದೆ ತಾಯಂದಿರಲ್ಲಿ ಒಂದು ವಿನಂತಿ. ಮಗನೋ ಮಗಳೋ ₹499 ಕಳೆದುಕೊಂಡೆ ಎಂದು ಬಂದು ಹೇಳಿದರೆ ಬೈಯಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಆಗಲೇ 1930ಕ್ಕೆ ಫೋನ್ ಮಾಡಿ.